‘ಥ್ಯಾಂಕ್ ಯೂ’ ನಂತರದ ಹನ್ನೊಂದು ನಿಮಿಷ

ಟಕ್... ಟಕ್... ಟಕ್... ಆ ದಿನಗಳೆಂದರೆ ನನಗೆ ಮೊದಲು ನೆನಪಾಗುವುದು ಈ ಸದ್ದು.

ಹಾಲೆಂಡಿನ ವೂರ್‌ಬರ್ಗಿನಲ್ಲಿ ನನ್ನ ಫ್ಲಾಟಿನ ಕೆಳಗೆ ಟ್ರಾಮ್ ರಸ್ತೆ ದಾಟಲು ಒಂದು ಪಾದಚಾರಿ ಸಿಗ್ನಲ್ ಇದೆ. ಕಣ್ಣು ಕಾಣದವರಿಗೆ ತಿಳಿಯಲೆಂದು ಅದು ಕೆಂಪು ದೀಪಕ್ಕೆ ನಿಧಾನವಾಗಿ, ಹಸಿರಿಗೆ ಅವಸರವಾಗಿ ಟಕಟಕ ಎನ್ನುತ್ತಿರುತ್ತದೆ. ಇಪ್ಪತ್ತು ವರ್ಷದಿಂದ ಅದೇ ಮನೆಯಲ್ಲಿದ್ದರೂ ಒಂದು ದಿನವೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಲಾಕ್‌ಡೌನ್ ಬಂದು ಕಾರು, ಸೈಕಲ್ಲು, ಸ್ಕೂಲ್ ಮಕ್ಕಳು ಎಲ್ಲ ಮಾಯವಾದ ಮೇಲೆ, ಯಾರೂ ದಾಟದ ರಸ್ತೆಯಲ್ಲಿ ಅದೊಂದೇ ಉಳಿಯಿತು.

ಎರಡನೆಯ ವರ್ಷದ ವಸಂತದಲ್ಲಿ ಒಂದು ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕುಳಿತೆ. ಅದೇ ಟಕ್ ಟಕ್. ಎದ್ದು ಕಿಟಕಿ ಮುಚ್ಚಿದೆ. ಮತ್ತೆ ಟಕ್ ಟಕ್. ಬಾಲ್ಕನಿ ಬಾಗಿಲನ್ನೂ ಮುಚ್ಚಿ ಬಂದೆ. ಆಮೇಲೆ ಬುದ್ಧಿ ಬಂದು ಹೆಡ್‌ಫೋನ್ ತೆಗೆದರೆ ಮನೆಯೆಲ್ಲ ನಿಶ್ಶಬ್ದ. ಸದ್ದು ನನ್ನ ರಸ್ತೆಯದಲ್ಲ, ಟೇಪಿನೊಳಗಿನದು. ಐರ್ಲೆಂಡಿನ ಒಂದು ಊರಿನಲ್ಲಿ, ಒಬ್ಬ ಹೆಂಗಸಿನ ಮನೆಯೆದುರಿನ ಸಿಗ್ನಲ್ಲಿನದು.

ನನ್ನ ಕಸುಬು ವರ್ಬೇಟಿಮ್ ರಿಪೋರ್ಟಿಂಗ್. ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಡುವುದು. ರಿಟೈರ್ ಆಗಿ ಕೂತಿದ್ದವಳಿಗೆ ಹಳೆಯ ಐರಿಷ್ ಸಹೋದ್ಯೋಗಿಯೊಬ್ಬಳು ಈ ಕೆಲಸ ತಂದಳು. ಡಬ್ಲಿನ್ನಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಊರು. ಹೆಸರು ಇಲ್ಲಿ ಬೇಡ. ಅಲ್ಲಿಯ ನಿವಾಸಿಗಳ ಸಂಘ ತಮ್ಮ ಊರಿನ ಚರಿತ್ರೆಯ ಪುಸ್ತಕ ಮಾಡುತ್ತಿತ್ತು. ವಯಸ್ಸಾದವರ ನೆನಪುಗಳನ್ನು ರೆಕಾರ್ಡ್ ಮಾಡಿ ಕಳಿಸುತ್ತೇವೆ, ಬರಹಕ್ಕೆ ಇಳಿಸಿಕೊಡಬೇಕು ಎಂದರು. ಸಂಘದ ಕಾರ್ಯದರ್ಶಿ ಬರೆದ ಮೊದಲ ಈಮೇಲಿನಲ್ಲೇ ಮುಳ್ಳಿತ್ತು. “ನಮ್ಮ ಜನರ ಉಚ್ಚಾರ ನಿಮಗೆ ಅರ್ಥವಾಗುತ್ತದೆಂದು ನಂಬಬಹುದೇ?” ನಾನು ಉತ್ತರಿಸಿದೆ: “ಮೈಸೂರಿನಲ್ಲಿ ನನ್ನ ಅಂಗೈಗೆ ಸ್ಕೇಲಿನಿಂದ ಬಾರಿಸಿದ್ದು ಇದೇ ಉಚ್ಚಾರ. ಚೆನ್ನಾಗಿ ಅರ್ಥವಾಗುತ್ತದೆ.” ನಮ್ಮ ಕಾನ್ವೆಂಟಿನ ನನ್‌ಗಳೆಲ್ಲ ಐರಿಷ್. ನನಗೆ ಶಾರ್ಟ್‌ಹ್ಯಾಂಡ್ ಕಲಿಸಿದ ಸಿಸ್ಟರ್ ಅಂಥದ್ದೇ ಯಾವುದೋ ಊರಿನವರು. ಮಳೆ ಬಂದ ದಿನ ಮಾತ್ರ ತಮ್ಮ ಊರಿನ ಮಾತು ತೆಗೆದು, ಬೆಲ್ ಹೊಡೆದರೂ ಕೇಳಿಸದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ನಾನು ಈ ಕೆಲಸ ಒಪ್ಪಿದ್ದು ಅವರಿಗಾಗಿ ಎಂದರೂ ಸುಳ್ಳಲ್ಲ.

ಕಾರ್ಯದರ್ಶಿ ಅದಕ್ಕೆ ಒಂದೇ ಸಾಲು ಬರೆದರು: “ತಮಾಷೆ ಬೇಡ, ಟೈಮಿಗೆ ಕೊಡಿ.”

ಅಲ್ಲಿಯವರೆಲ್ಲ ಮಾತಾಡಿದ್ದು ಇಂಗ್ಲಿಷ್. ನನ್ನ ಕಿವಿಗೆ ಬಿದ್ದ ದನಿಯಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ.

ಕೆಲಸದ ಕ್ರಮ ಹೀಗಿತ್ತು. ಸೋಂಕಿನ ಭಯಕ್ಕೆ ಯಾರೂ ಯಾರ ಮನೆಯೊಳಗೂ ಹೋಗುವ ಹಾಗಿಲ್ಲ. ಮಾತಾಡುವವರು ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು. ಕೇಳುವವರು ಗೇಟಿನ ಆಚೆ. ನಡುವೆ ತೋಟದ ಮೋಟುಗೋಡೆಯ ಮೇಲೆ ರೆಕಾರ್ಡರ್. ಮುಗಿದ ಮೇಲೆ ಅದನ್ನು ಸ್ಯಾನಿಟೈಸರ್ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಅಲ್ಲೇ ಒಣಗಲು ಬಿಟ್ಟು, ಆಮೇಲೆ ಮುಟ್ಟಬೇಕು. ಇದು ಸಂಘದವರೇ ಮಾಡಿಕೊಂಡ ನಿಯಮ. ಇಷ್ಟು ಶುಚಿಯಾದ ಪದ್ಧತಿಯಿಂದ ಇಷ್ಟು ಹೊಲಸು ಹೊರಬರಬಹುದೆಂದು ಆಗ ಯಾರಿಗೆ ಗೊತ್ತಿತ್ತು.

ಫೈಲ್ ಬಂದ ಮೇಲೆ ನನ್ನ ಪಾಳಿ. ಕಾಲಿನಡಿ ಪೆಡಲ್, ಒತ್ತಿದರೆ ಓಡುತ್ತದೆ, ಬಿಟ್ಟರೆ ಎರಡು ಸೆಕೆಂಡ್ ಹಿಂದೆ ಸರಿದು ನಿಲ್ಲುತ್ತದೆ. ಮೊದಲ ಸಲ ಪೆನ್ಸಿಲಿನಲ್ಲಿ ಶಾರ್ಟ್‌ಹ್ಯಾಂಡ್, ಎರಡನೆಯ ಸಲ ಟೈಪು, ಮೂರನೆಯ ಸಲ ಬರೀ ಕಿವಿಯಿಂದ ತಾಳೆ. ಆಮೇಲೆ ರೀಡ್-ಬ್ಯಾಕ್: ಮಾತಾಡಿದವರಿಗೆ ಫೋನ್ ಮಾಡಿ, ಬರೆದದ್ದನ್ನೆಲ್ಲ ಅವರಿಗೇ ಓದಿ ಹೇಳಿ, ಒಪ್ಪಿಗೆ ತೆಗೆದುಕೊಳ್ಳುವುದು. ಕೊನೆಗೆ ಸರ್ಟಿಫಿಕೇಟ್: “ಇದು ಧ್ವನಿಮುದ್ರಿಕೆಯ ಸಂಪೂರ್ಣ ಹಾಗೂ ನಿಜವಾದ ಪ್ರತಿ” ಎಂದು ಬರೆದು ಸಹಿ. ಅಲ್ಲಿಯ ಲೈಬ್ರರಿ ಪ್ರತಿಗಳನ್ನು ಇಟ್ಟುಕೊಳ್ಳಲು ಈ ಸಹಿ ಬೇಕು, ಲೈಬ್ರರಿ ಇಟ್ಟುಕೊಂಡರೆ ಮಾತ್ರ ಪುಸ್ತಕ ಎಂಬುದು ಷರತ್ತು. ನಮ್ಮ ಕಸುಬಿನಲ್ಲಿ ಇನ್ನೊಂದು ನಿಯಮವೂ ಇದೆ, ಸಿಸ್ಟರ್ ಹೇಳಿಕೊಟ್ಟದ್ದು: ಟೇಪ್ ನಿಲ್ಲುವವರೆಗೆ ಪೆನ್ಸಿಲ್ ನಿಲ್ಲಬಾರದು.

ಮೊದಲ ಕೆಲವು ಟೇಪುಗಳಲ್ಲಿ ಊರು ಕಣ್ಣೆದುರು ಬಂತು. ಒಂದೇ ಬೀದಿ. ಚರ್ಚು, ಎರಡು ಪಬ್ಬು, ಕಮ್ಮಾರಸಾಲೆ, ಪೋಸ್ಟಾಫೀಸೂ ಆಗಿದ್ದ ಒಂದು ದಿನಸಿ ಅಂಗಡಿ. ರೈತನೊಬ್ಬ ದನ ಮೇಯುವ ಹೊಲ ಮಾರಿದ. ಅಲ್ಲಿ ಒಂದೇ ಅಚ್ಚಿನ ಮನೆಗಳ ಮೊದಲ ಬಡಾವಣೆ ಎದ್ದಿತು. ಡಬ್ಲಿನ್ನಿನ ಬಡಕೇರಿಗಳಿಂದ ಸಂಸಾರಗಳು ಬಂದವು. ಹಳೆಯ ಬೀದಿಯವರು ಇವರಿಗೆ ಇಟ್ಟ ಹೆಸರು ‘ಬ್ಲೋ-ಇನ್’, ಗಾಳಿಗೆ ಹಾರಿ ಬಂದವರು. ಆಮೇಲೆ ಎರಡನೆಯ ಬಡಾವಣೆ, ಮೂರನೆಯದು, ರೈಲ್ವೆ ಸ್ಟೇಷನ್ನು. ಈಗ ಪೋಲೆಂಡಿನವರು, ನೈಜೀರಿಯಾದವರು, ನಮ್ಮ ಕಡೆಯ ನರ್ಸುಗಳು. ಐರಿಷರ ಕೋಲು-ಚೆಂಡಿನ ಆಟ ಹರ್ಲಿಂಗಿನ ಮೈದಾನದ ಮೂಲೆಯಲ್ಲಿ ಭಾನುವಾರ ಕ್ರಿಕೆಟ್ಟು. ಕೇಳುತ್ತ ಕೇಳುತ್ತ ನನಗೆ ಒಂದು ತಿಳಿಯಿತು. ಮೊದಲ ಬಡಾವಣೆಯವರು ಎರಡನೆಯದನ್ನು ಬೈಯುತ್ತಿದ್ದರು, ಎರಡನೆಯದು ಮೂರನೆಯದನ್ನು. ಹಳೆಯ ಬೀದಿ ಮಾತ್ರ ಸಮಾನ ದೃಷ್ಟಿಯಿಂದ ಎಲ್ಲರನ್ನೂ ಬೈಯುತ್ತಿತ್ತು.

ಸಂಘದಲ್ಲಿ ಇದ್ದವರೆಲ್ಲ ಹಳೆಯ ಬೀದಿಯವರೇ. ಕಾರ್ಯದರ್ಶಿ ಆ ದಿನಸಿ ಅಂಗಡಿಯವರ ಮಗ. ತಂದೆ ಅಂಗಡಿಯ ಜೊತೆಗೆ ಕೌನ್ಸಿಲರ್ ಕೂಡ ಆಗಿದ್ದರು. ಪುಸ್ತಕದ ಕರಡಿನಲ್ಲಿ ತಂದೆಯ ಫೋಟೊ ಇತ್ತು: ಹೆದ್ದಾರಿಯ ಪಾದಚಾರಿ ಸಿಗ್ನಲ್ಲಿನ ಮುಂದೆ ಕತ್ತರಿ ಹಿಡಿದು ರಿಬ್ಬನ್ ಕತ್ತರಿಸುತ್ತಿರುವುದು. ಅಡಿಬರಹ: ‘ನಮ್ಮ ಮಕ್ಕಳ ರಕ್ಷಣೆಗೆ ಹೋರಾಡಿದವರು.’

ಟಕ್ ಟಕ್ ಇದ್ದ ಟೇಪು ಆ ಸಿಗ್ನಲ್ಲಿನ ಎದುರು ಮನೆಯಾಕೆಯದು. ಎಂಬತ್ತಮೂರು ವರ್ಷ. ಮೊದಲ ಬಡಾವಣೆಗೆ ಬಂದ ಮೊದಲ ಸಂಸಾರಗಳಲ್ಲಿ ಒಂದು. ಕೇಳಲು ಹೋದವರು ಸ್ವತಃ ಕಾರ್ಯದರ್ಶಿ, ಜೊತೆಗೆ ಸಂಘದ ಒಬ್ಬ ಸದಸ್ಯೆ. ಟೇಪಿನಲ್ಲಿ ಕಾರ್ಯದರ್ಶಿ ಬಿಂಗೋ ಬಗ್ಗೆ, ಹಾಲ್‌ನ ಡಾನ್ಸ್ ಬಗ್ಗೆ ಕೇಳುತ್ತಾರೆ. ಆಕೆ ಎಲ್ಲಕ್ಕೂ ಚುಟುಕಾಗಿ ಉತ್ತರಿಸಿ, “ಈಗ ನಾನು ಹೇಳಬೇಕಾದ್ದು ಹೇಳ್ತೀನಿ” ಎನ್ನುತ್ತಾರೆ.

ಸ್ಕೂಲು ಹೆದ್ದಾರಿಯ ಆಚೆ, ಮನೆಗಳು ಈಚೆ. ನಡುವೆ ಲಾರಿಗಳು. ಸಿಗ್ನಲ್ ಬೇಕೆಂದು ಬಡಾವಣೆಯ ಹೆಂಗಸರು ಎರಡು ವರ್ಷ ಅರ್ಜಿ ಬರೆದರು. ಕೌನ್ಸಿಲರ್ ಒಪ್ಪಲಿಲ್ಲ. ಸಿಗ್ನಲ್ ಬಂದರೆ ಲಾರಿಗಳಿಗೆ ತನ್ನ ಅಂಗಡಿಯ ಮುಂದೆ ನಿಲ್ಲಲು ಜಾಗವಿರುವುದಿಲ್ಲ ಎಂಬುದು ಅವರ ಲೆಕ್ಕ. ಆಕೆಯ ಮಗಳಿಗೆ ಆರು ವರ್ಷ. ಸ್ಕೂಲಿನಿಂದ ಬರುವಾಗ ಲಾರಿ ಹೊಡೆಯಿತು. ಮಣ್ಣು ಮಾಡಿ ಬಂದ ಮರುದಿನ ಬಡಾವಣೆಯ ಹೆಂಗಸರೆಲ್ಲ ತಮ್ಮ ತಳ್ಳುಗಾಡಿಗಳನ್ನು, ಒಳಗೆ ಮಲಗಿದ್ದ ಕೂಸುಗಳ ಸಮೇತ, ಹೆದ್ದಾರಿಗೆ ಅಡ್ಡ ಇಟ್ಟು ಕೂತರು. ಐದು ದಿನ. ಅಂಗಡಿಯವರು ಅವರಿಗೆ ಹಾಲು ಕೊಡಲಿಲ್ಲ. ಬೀದಿಯ ಹೆಂಗಸರು ಬಂದು ಉಗಿದು ಹೋದರು. ಆರನೆಯ ದಿನ ಸಿಗ್ನಲ್ ಕೊಡುತ್ತೇವೆಂದು ಮೇಲಿನಿಂದ ಕಾಗದ ಬಂತು.

“ರಿಬ್ಬನ್ ಕತ್ತರಿಸೋಕೆ ನಿಮ್ಮಪ್ಪ ಬಂದ್ರು,” ಎಂದು ಆಕೆ ಟೇಪಿನಲ್ಲಿ ಹೇಳುತ್ತಾರೆ. “ಅದು ಪುಸ್ತಕದಲ್ಲಿ ಇರ್ಲಿ, ನನಗೇನೂ ಇಲ್ಲ. ನನಗೆ ಒಂದೇ ಒಂದು ಬೇಕು. ನನ್ನ ಮಗಳ ಹೆಸರು ಹಾಕಿ. ನೋರೀನ್. ಈ ಊರಲ್ಲಿ ಎಲ್ಲೂ ಅವಳ ಹೆಸರಿಲ್ಲ, ಗೋರಿ ಕಲ್ಲಿನ ಮೇಲೆ ಬಿಟ್ರೆ.”

ಆಮೇಲೆ ಟಕ್ ಟಕ್. ಕಾರ್ಯದರ್ಶಿ: “ನೋಡೋಣ. ಥ್ಯಾಂಕ್ ಯೂ.” ಬಾಗಿಲು ಮುಚ್ಚಿದ ಸದ್ದು.

ಟೇಪ್ ಮಾತ್ರ ಇನ್ನೂ ಹನ್ನೊಂದು ನಿಮಿಷ ಓಡುತ್ತಿತ್ತು. ನಿಲ್ಲಿಸುವ ಗುಂಡಿ ಒತ್ತುವುದನ್ನು ಮರೆತು, ಮೆಷೀನನ್ನು ಒರೆಸಿ, ನಿಯಮದ ಪ್ರಕಾರ ಒಣಗಲು ಬಿಟ್ಟಿದ್ದರು. ಬರೀ ಗಾಳಿ, ಲಾರಿ. ನಡುನಡುವೆ ಏನೋ ಗುಜುಗುಜು. ಗಾಳಿಯ ಸದ್ದು ಇಡೀ ಟೇಪಿನಲ್ಲೇ ಜಾಸ್ತಿ ಇದ್ದುದರಿಂದ ಕೆಳಗಿನ ಮನೆಯಾಕೆಯ ಸಹಾಯ ಕೇಳಿದೆ. ದಾವಣಗೆರೆಯವರು, ಡೇಟಾ ಇಂಜಿನಿಯರ್. ನಲವತ್ತೈದರ ಹೆಂಗಸು, ಗಂಡ, ಅವಳಿ ಮಕ್ಕಳು. ಮನೆಯಲ್ಲಿ ದಖ್ಖನಿ ಉರ್ದು, ನನ್ನ ಜೊತೆ ಕನ್ನಡ, ಮಕ್ಕಳದು ಇವೆರಡಕ್ಕೂ ಡಚ್ಚಿನಲ್ಲೇ ಉತ್ತರ. ಲಾಕ್‌ಡೌನ್ ಪೂರ್ತಿ ನಮ್ಮ ಸ್ನೇಹ ನಡೆದದ್ದು ಬಾಲ್ಕನಿಯಿಂದ ಬಾಲ್ಕನಿಗೆ. ತಳ್ಳುಗಾಡಿಯ ಸೊಪ್ಪಿನವನಿಗೆ ಇಳಿಸುವ ಹಾಗೆ ನಾನು ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಸುತ್ತಿದ್ದೆ. ಆ ದಿನ ಅದರಲ್ಲಿ ಪೆನ್‌ಡ್ರೈವ್ ಇಟ್ಟು ಇಳಿಸಿದೆ.

“ಆಂಟಿ, ಇದೇನ್ರಿ ಬುಟ್ಟಿ ಖಾಲಿ ಬಂತು? ಉಪ್ಪಿನಕಾಯಿ ಎಲ್ಲಿ?”

“ಪೆನ್‌ಡ್ರೈವ್ ಇದೆ ನೋಡಮ್ಮ. ಗಾಳಿ ತೆಗೆದುಕೊಡು. ಉಪ್ಪಿನಕಾಯಿ ಫೀಸು ಆಮೇಲೆ.”

“ಅಡ್ವಾನ್ಸ್ ಇಲ್ದೆ ನಾವು ಕೆಲಸ ಹಿಡಿಯಲ್ರಿ!” ಎಂದರೂ ಸಂಜೆಯೊಳಗೆ ಮಾಡಿಕೊಟ್ಟರು. ಅವರ ಸಾಫ್ಟ್‌ವೇರು ಗಾಳಿಯನ್ನು ಸೋಸಿ ತೆಗೆದಿತ್ತು. ಗಾಳಿಯ ಅಡಿಯಲ್ಲಿದ್ದದ್ದೆಲ್ಲ ಮೇಲೆ ಬಂದಿತ್ತು.

ಇಲ್ಲಿ ನನ್ನ ತಪ್ಪು. ಹಿಂದಿನ ದಿನ ನನಗೆ ಎರಡನೆಯ ಡೋಸ್ ಲಸಿಕೆ ಆಗಿತ್ತು. ಜ್ವರ, ಮೈಯೆಲ್ಲ ನೋವು. ಹಾಗಿದ್ದೂ ಕುಳಿತು ಟೈಪ್ ಮಾಡಿದೆ. ನಮ್ಮ ಕಸುಬಿನವರಿಗೆ ಒಂದು ವಿಚಿತ್ರ ಅಭ್ಯಾಸ ಆಗಿಬಿಟ್ಟಿರುತ್ತದೆ. ಕೇಳಿದ್ದು ಕಿವಿಯಿಂದ ನೇರ ಬೆರಳಿಗೆ ಹೋಗುತ್ತದೆ, ತಲೆಗೆ ಹೋಗುವುದೇ ಇಲ್ಲ. ತಲೆ ಕೆಲಸ ಮಾಡುವುದು ಮೂರನೆಯ ಸಲದ ತಾಳೆಯಲ್ಲಿ. ಅಷ್ಟರಲ್ಲಿ ನೋರೀನ್‌ಳ ತಾಯಿಯಿಂದ ಸಂದೇಶ ಬಂತು: ಸೋಮವಾರ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಬೇಕು, ಅಷ್ಟರೊಳಗೆ ಓದಿ ಹೇಳಿದರೆ ಒಳ್ಳೆಯದು. ನಾನು ತಾಳೆ ನೋಡುವುದನ್ನು ಬಿಟ್ಟೆ. ಶುಕ್ರವಾರ ಹನ್ನೊಂದು ಗಂಟೆಗೆ, ಕೈಯಲ್ಲಿ ಪುಟಗಳನ್ನು ಹಿಡಿದು ಫೋನ್ ಮಾಡಿದೆ.

ಆಕೆ ಕುರ್ಚಿ ಎಳೆದುಕೊಂಡ ಸದ್ದು. “ಓದಿ, ಡಾಕ್ಟರಮ್ಮ,” ಎಂದರು. ನಾನು ಡಾಕ್ಟರಲ್ಲ ಎಂದೆ. “ಇಂಡಿಯನ್ ದನಿ ಅಂದ್ರೆ ನನಗೆ ಡಾಕ್ಟರೇ. ಆಸ್ಪತ್ರೆಯಲ್ಲಿ ಎಲ್ಲ ನಿಮ್ಮೋರೇ.”

ಓದಿದೆ. ಬಿಂಗೋ, ಹಾಲ್, ಅರ್ಜಿ, ಲಾರಿ, ತಳ್ಳುಗಾಡಿಗಳು. ಆಕೆ ಒಂದೆರಡು ಕಡೆ ತಿದ್ದಿದರು. ಐದು ದಿನ ಅಲ್ಲ, ಐದೂವರೆ. ನೋರೀನ್ ಹೆಸರು ಬಂದಾಗ “ಹೂಂ” ಎಂದರು. ‘ನೋಡೋಣ. ಥ್ಯಾಂಕ್ ಯೂ’ ಓದಿದೆ. ಪುಟ ತಿರುಗಿಸಿ, ಅದೇ ಲಯದಲ್ಲಿ ಮುಂದಿನದನ್ನೂ ಓದಿದೆ.

“ಗಂಡು ದನಿ: ಈಕೆಗೆ ಎರಡು ಸಾಲು ಸಾಕು. ಬಿಂಗೋ ಬಗ್ಗೆ. ಹೆಣ್ಣು ದನಿ: ಮತ್ತೆ ಮಗುವಿನ ಹೆಸರು? ಗಂಡು ದನಿ: ಹೆಸರು ಹಾಕಿದರೆ ಊರೇ ಕೊಂದಿತು ಅಂತ ಆಗುತ್ತೆ. ಆರು ವರ್ಷದ ಮಗುವನ್ನು ಒಂಟಿಯಾಗಿ ರಸ್ತೆಗೆ ಬಿಟ್ಟವಳು ಇವಳೇ ಅಲ್ಲವೇ...”

ಆಗ ನನಗೆ ಕೇಳಿಸಿತು. ನನ್ನ ಬಾಯಿಯಿಂದ ಬರುತ್ತಿದ್ದದ್ದು ನನಗೇ ಕೇಳಿಸಿತು. ನಿಲ್ಲಿಸಿದೆ.

ಫೋನಿನ ಆ ತುದಿಯಲ್ಲಿ ಟಕ್ ಟಕ್. “ಕ್ಷಮಿಸಿ,” ಎಂದೆ. “ಇದು... ಮೆಷೀನ್ ಆಫ್ ಮಾಡಿರಲಿಲ್ಲ. ನಾನು ಇದನ್ನು ಓದಬಾರದಿತ್ತು.”

“ಮುಂದೆ ಏನಿದೆ?”

“ಬೇಡ, ಪ್ಲೀಸ್.”

“ಅಮ್ಮಾ, ನನ್ನ ತೋಟದ ಗೋಡೆ ಅದು. ನನ್ನ ಗೋಡೆ ಮೇಲೆ ಆಡಿದ ಮಾತು. ಓದಿ.”

ಓದಿದೆ. ಇನ್ನು ನಾಲ್ಕೇ ಸಾಲು ಇದ್ದವು. ‘ದಿನಾ ಮಧ್ಯಾಹ್ನ ಬಂದು ಬಟನ್ ಒತ್ತುತ್ತಾಳೆ, ದಾಟುವುದಿಲ್ಲ, ಗಾಡಿಗಳೆಲ್ಲ ಸುಮ್ಮನೆ ನಿಲ್ಲಬೇಕು. ಹುಚ್ಚಿ.’ ಆಮೇಲೆ ನಗು. ನಗು ಬಂದರೆ ‘ನಗು’ ಎಂದು ಬರೆಯುವುದು ನಮ್ಮ ಪದ್ಧತಿ. ಅದನ್ನೂ ಓದಿದೆ.

ಆಕೆ ಅಳಲಿಲ್ಲ. “ಥೇಟ್ ಅವರಪ್ಪನ ಮಾತೇ,” ಎಂದರು. “ನಿಮ್ಮ ಹತ್ರ ಪೆನ್ಸಿಲ್ ಇದೆಯಾ?”

“ಇದೆ.”

“ಹಾಗಾದ್ರೆ ಇದನ್ನೂ ಬರ್ಕೊಳ್ಳಿ. ನಾನು ಅವಳನ್ನ ಒಂಟಿಯಾಗಿ ಬಿಟ್ಟಿದ್ದು ನಿಜ. ದಿನಾ ನಾನೇ ಹೋಗಿ ಕರ್ಕೊಂಡು ಬರ್ತಿದ್ದೆ. ಆವತ್ತು ಚಿಕ್ಕದಕ್ಕೆ ಜ್ವರ. ಪಕ್ಕದ ಮನೆಯವಳಿಗೆ ಹೇಳ್ಬಹುದಿತ್ತು. ಅವಳ ಜೊತೆ ಮಾತು ಬಿಟ್ಟಿದ್ದೆ, ಒಂದು ಬಟ್ಟೆ ಹಗ್ಗದ ವಿಷಯಕ್ಕೆ. ಹೇಳ್ಲಿಲ್ಲ. ಬರೆದ್ರಾ?”

“ಬರೆದೆ.”

“ಇನ್ನು ಯಾರೂ ಗೋಡೆ ಮರೇಲಿ ನಿಂತು ಹೇಳ್ಬೇಕಾಗಿಲ್ಲ. ನಾನೇ ಹೇಳಿದೀನಿ.”

ನನ್ನ ಪೆನ್ಸಿಲಿನ ಆ ಪುಟ ಈಗಲೂ ಇದೆ. ಶಾರ್ಟ್‌ಹ್ಯಾಂಡಿನಲ್ಲಿ ಮೆತ್ತಗೆ ಒತ್ತಿದರೆ ಒಂದು ಅಕ್ಷರ, ಗಟ್ಟಿಯಾಗಿ ಒತ್ತಿದರೆ ಇನ್ನೊಂದು. ಆ ಪುಟದಲ್ಲಿ ಎಲ್ಲವೂ ಗಟ್ಟಿಯೇ. ಇನ್ನೊಬ್ಬರಿಗೆ ಓದಲು ಬಾರದು.

ಪುಟಗಳನ್ನು ಸಂಘಕ್ಕೆ ಕಳಿಸಿದೆ, ಎಲ್ಲವನ್ನೂ. ಹನ್ನೊಂದು ನಿಮಿಷವನ್ನೂ, ಅದನ್ನು ಆಕೆಗೆ ಓದಿಬಿಟ್ಟೆ ಎಂಬ ತಪ್ಪೊಪ್ಪಿಗೆಯನ್ನೂ. ಮರುದಿನವೇ ಝೂಮ್ ಮೀಟಿಂಗ್. ಅವರ ಆರು ಚೌಕಗಳಲ್ಲಿ ಐದು ಮುಖ. ಒಂದೂ ನಮಸ್ಕಾರ ಹೇಳಲಿಲ್ಲ. ಗಾಳಿಯಲ್ಲಿ ಸಿಕ್ಕ ಹೆಣ್ಣು ದನಿಯ ಸದಸ್ಯೆ ಕ್ಯಾಮೆರಾ ಆಫ್ ಮಾಡಿಕೊಂಡಿದ್ದರು.

ಕಾರ್ಯದರ್ಶಿ ಕಾಗದ ನೋಡಿ ಓದಿದರು. “ಮೇಡಂ, ನೀವು ಖಾಸಗಿ ಸಂಭಾಷಣೆಯನ್ನು ಟೈಪ್ ಮಾಡಿದ್ದೀರಿ. ಅದನ್ನು ಕಾಯಿಲೆಯ ಮುದುಕಿಯೊಬ್ಬಳಿಗೆ ಫೋನಿನಲ್ಲಿ ಓದಿದ್ದೀರಿ. ಆಪರೇಷನ್ನಿಗೆ ಮೂರು ದಿನ ಮೊದಲು. ಇದು ಮನುಷ್ಯರು ಮಾಡುವ ಕೆಲಸವೇ?”

“ಓದಿದ್ದು ನನ್ನ ತಪ್ಪು. ತಾಳೆ ನೋಡದೆ ಓದಿದೆ. ಅವರ ಹತ್ತಿರ ಕ್ಷಮೆ ಕೇಳಿದ್ದೇನೆ, ನಿಮ್ಮ ಮುಂದೆಯೂ ಒಪ್ಪಿಕೊಳ್ಳುತ್ತೇನೆ,” ಎಂದೆ. “ಆದರೆ ಟೈಪ್ ಮಾಡಿದ್ದು ತಪ್ಪಲ್ಲ.”

ಖಜಾಂಚಿ ಎಂಬಾಕೆ ಹೇಳಿದರು: “ಇವರಿಗೆ ನಮ್ಮ ಊರು ಏನು ಗೊತ್ತು? ಹಾಲೆಂಡಿನಲ್ಲಿ ಕೂತ ಇಂಡಿಯಾದ ಹೆಂಗಸು.”

“ಬ್ಲೋ-ಇನ್ ಅನ್ನುತ್ತಾರಲ್ಲ, ಅದು,” ಎಂದೆ ನಾನು. ಮ್ಯೂಟ್ ಮಾಡಿದರು. ನನ್ನ ವೃತ್ತಿಯಲ್ಲಿ ನಾನು ಮಾತಾಡದೆ ಕೂತವಳೇ ಹೊರತು ನನ್ನ ಬಾಯಿ ಮುಚ್ಚಿಸಿ ಕೂರಿಸಿದ್ದು ಅದೇ ಮೊದಲು. ಚೌಕದೊಳಗೆ ನನ್ನ ಮುದಿ ಮುಖ, ಕೆಂಪು ಗೀಟು ಎಳೆದ ಮೈಕಿನ ಚಿತ್ರ. ಅವರು ಒಬ್ಬರಾದ ಮೇಲೊಬ್ಬರು ಬೈಯುವುದನ್ನು ಕೇಳುತ್ತ ಕೂತೆ. ಅಭ್ಯಾಸಬಲ, ಕೈ ತಾನಾಗಿ ಪೆನ್ಸಿಲ್ ತೆಗೆದುಕೊಂಡು ಬರೆಯತೊಡಗಿತು. ಅದನ್ನು ನೋಡಿ ಕಾರ್ಯದರ್ಶಿ, “ಏನು ಬರೀತಿದ್ದೀರಿ? ನಿಲ್ಲಿಸಿ!” ಎಂದು ಕೂಗಿದರು. ಅದನ್ನೂ ಬರೆದುಕೊಂಡೆ.

ಕೊನೆಗೆ ಬೇಡಿಕೆ ಸ್ಪಷ್ಟವಾಯಿತು. ‘ಥ್ಯಾಂಕ್ ಯೂ’ಗೇ ಪ್ರತಿ ಮುಗಿಯಬೇಕು. ಮಗುವಿನ ಭಾಗ ಎರಡು ಸಾಲಿಗೆ ಇಳಿಯಬೇಕು, ಹೆಸರಿಲ್ಲದೆ. ನನ್ನ ಕಂಪ್ಯೂಟರಿನ ಆಡಿಯೊ ಅಳಿಸಬೇಕು. ಸರ್ಟಿಫಿಕೇಟಿಗೆ ಸಹಿ ಹಾಕಿ ಹದಿನೈದು ದಿನದಲ್ಲಿ ಕಳಿಸಬೇಕು. ಇಲ್ಲದಿದ್ದರೆ ಸಹೋದ್ಯೋಗಿಯಿಂದ ಹಿಡಿದು ಎಲ್ಲರಿಗೂ ನನ್ನ ‘ಅಶಿಸ್ತಿನ’ ಬಗ್ಗೆ ಬರೆಯುತ್ತಾರೆ.

ಬಾಲ್ಕನಿಗೆ ಬಂದು ಕೆಳಗಿನ ಮನೆಯಾಕೆಗೆ ಎಲ್ಲ ಹೇಳಿದೆ.

“ಅಯ್ಯೋ ಅಲ್ಲಾ! ಗಾಳಿ ತೆಗೆದೋಳು ನಾನೇ ಅಲ್ರೀ ಆಂಟಿ. ನಂದೂ ಪಾಲೈತಿ ಇದ್ರಾಗೆ.” ಬಟ್ಟೆಯ ಬಕೆಟ್ ಎತ್ತಿಟ್ಟು ಮುಂದುವರಿಸಿದರು: “ಆಂಟಿ, ಸಿಟ್ಟಾಗಬ್ಯಾಡ್ರಿ. ಸಹಿ ಹಾಕಿ ಕಳ್ಸಿಬಿಡ್ರಿ. ಯಾರ್ದೋ ಊರು, ಯಾರ್ದೋ ಜಗಳ. ನಿಮ್ಗೆ ಈ ವಯಸ್ಸಲ್ಲಿ ಯಾಕ್ರಿ ಬಿಪಿ?”

“ಸುಳ್ಳು ಸಹಿ ಹಾಕಿದ್ರೆ ಬಿಪಿ ಇಳಿಯುತ್ತಾ?”

“ಅದೂ ಐತ್ರಿ.” ಒಗೆದ ಬಟ್ಟೆ ಕೊಡವುತ್ತ ಅವರು ಕೇಳಿದರು, “ಆ ಕೂಸಿನ ಹೆಸರೇನು ಅಂದ್ರಿ?”

“ನೋರೀನ್.”

“ನಮ್ಮ ದೊಡ್ಡಪ್ಪನ ಮಗಳು ನೂರೀನ್. ಹತ್ರಹತ್ರ ಅದೇ.” ಬಟ್ಟೆ ಹರವಿದರು. ಒಂದು ನಿಮಿಷ ಬಿಟ್ಟು ಕೆಳಗಿನಿಂದ ದನಿ: “ಆಂಟಿ, ಆಡಿಯೊ ಮಾತ್ರ ಅಳಿಸಬ್ಯಾಡ್ರಿ. ನನ್ ಹತ್ರಾನೂ ಒಂದು ಕಾಪಿ ಐತಿ, ಹೇಳೀನಿ.”

ಆಪರೇಷನ್ ಆಗಿ ಒಂದು ವಾರಕ್ಕೆ ನೋರೀನ್‌ಳ ತಾಯಿಯೇ ಫೋನ್ ಮಾಡಿದರು. ದನಿ ಅರ್ಧವಾಗಿತ್ತು. ಸಂಘದವರು ಇಟ್ಟ ಬೇಡಿಕೆಯನ್ನು ಮುಚ್ಚಿಡದೆ ಹೇಳಿದೆ. ಆಕೆ ಕೇಳಿಸಿಕೊಂಡು ಹೇಳಿದರು: “ಗೋಡೆ ಮೇಲಿನ ಮಾತು ಪುಸ್ತಕಕ್ಕೆ ಬೇಡ. ಲೈಬ್ರರಿಗೂ ಬೇಡ. ಅವನಿಗೂ ಮೊಮ್ಮಕ್ಕಳಿದಾರೆ, ನಾಳೆ ಓದ್ತಾರೆ. ಆದ್ರೆ ನೋರೀನ್ ಇರ್ಬೇಕು. ನಾನು ಕೊನೆಗೆ ಹೇಳಿದ್ದೂ ಇರ್ಬೇಕು, ಬಟ್ಟೆ ಹಗ್ಗದ್ದು.”

ಇಲ್ಲಿಯವರೆಗೆ ನನಗೆ ವಿಷಯ ಸರಳವಾಗಿತ್ತು: ಎಲ್ಲದಕ್ಕೂ ಸಹಿ, ಇಲ್ಲವೇ ಯಾವುದಕ್ಕೂ ಇಲ್ಲ. ಈಗ ಮಾತಾಡಿದವರೇ ಅರ್ಧ ಬೇಡ ಎನ್ನುತ್ತಿದ್ದಾರೆ. ಸಹಿ ಹಾಕದೆ ಕೂತರೆ ನನ್ನ ಶುದ್ಧಿ ಉಳಿಯುತ್ತದೆ, ಆಕೆಯ ಮಗಳ ಹೆಸರು ಹೋಗುತ್ತದೆ. ‘ಸಂಪೂರ್ಣ’ ಎಂದು ಸಹಿ ಹಾಕಿ ಹನ್ನೊಂದು ನಿಮಿಷ ಬಿಟ್ಟರೆ ಅದು ಸುಳ್ಳು. ಟೇಪ್ ನಿಲ್ಲುವ ಮೊದಲು ನನ್ನ ಪೆನ್ಸಿಲ್ ಎಂದೂ ನಿಂತಿಲ್ಲ. ಎರಡು ದಿನ ಅಡುಗೆಮನೆಗೂ ಮೇಜಿಗೂ ಓಡಾಡಿದೆ. ಸಿಸ್ಟರ್ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ಯೋಚಿಸಿದೆ. ಸ್ಕೇಲು ನೆನಪಾಯಿತೇ ಹೊರತು ಉತ್ತರ ಸಿಗಲಿಲ್ಲ. ಅವರ ಕಾಲದಲ್ಲಿ ಮಾತಾಡಿದವರನ್ನು ಯಾರು ಕೇಳುತ್ತಿದ್ದರು.

ಮೂರನೆಯ ದಿನ ಬೆಳಗ್ಗೆ ಕೂತು ಪ್ರತಿಯನ್ನು ‘ನೋಡೋಣ. ಥ್ಯಾಂಕ್ ಯೂ’ಗೆ ಮುಗಿಸಿದೆ. ಅದರ ಕೆಳಗೆ, ಫೋನಿನಲ್ಲಿ ಹೇಳಿದ ಭಾಗವನ್ನು ಅನುಬಂಧ ಎಂದು ಸೇರಿಸಿದೆ. ಸರ್ಟಿಫಿಕೇಟಿನಲ್ಲಿ ‘ಸಂಪೂರ್ಣ’ ಎಂಬ ಮಾತು ತೆಗೆದು ಹೀಗೆ ಬರೆದೆ: “ಇಲ್ಲಿಯವರೆಗೆ ನಿಜವಾದ ಪ್ರತಿ. ಇದಾದ ಮೇಲೆ ಧ್ವನಿಮುದ್ರಿಕೆ ಹನ್ನೊಂದು ನಿಮಿಷ ಮುಂದುವರಿಯುತ್ತದೆ. ಮಾತಾಡಿದವರ ಕೋರಿಕೆಯ ಮೇರೆಗೆ ಆ ಭಾಗವನ್ನು ಇಲ್ಲಿ ಬರೆದಿಲ್ಲ.” ಸಹಿ ಹಾಕಿದೆ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅರ್ಧ ಪ್ರತಿಗೆ ಸಹಿ.

ಒಂದು ಗಂಟೆಯೊಳಗೆ ಕಾರ್ಯದರ್ಶಿಯ ಫೋನ್. ಮೊದಲ ಬಾರಿಗೆ ನನ್ನ ಹೆಸರು ಹಿಡಿದು ಕರೆದರು.

“ಆ ಒಂದು ಸಾಲು ತೆಗೆಯಿರಿ.”

“ಯಾವ ಸಾಲು?”

“ಗೊತ್ತಿಲ್ಲದವರ ಹಾಗೆ ಆಡಬೇಡಿ. ಹನ್ನೊಂದು ನಿಮಿಷ. ಆ ಸಾಲು ಓದಿದವರೆಲ್ಲ ಏನಿತ್ತು ಅಂತ ಕೇಳ್ತಾರೆ.”

“ಕೇಳಬಹುದು. ಹೇಳೋದು ಬಿಡೋದು ನಿಮಗೆ ಬಿಟ್ಟದ್ದು.”

“ನಮ್ಮಪ್ಪ ಕೆಟ್ಟವರಲ್ಲ,” ಎಂದರು ಥಟ್ಟನೆ. “ಆ ಲಾರಿ ವಿಷಯ ಆದ ಮೇಲೆ ಅವರು ಅಂಗಡಿಯ ರಸ್ತೆ ಕಡೆ ಕಿಟಕಿಗೆ ಶಟರ್ ಹಾಕಿಸಿದ್ರು. ಸಾಯೋವರೆಗೂ ತೆಗೆಯಲಿಲ್ಲ. ಅದನ್ನ ಯಾರಾದ್ರೂ ಟೇಪಿನಲ್ಲಿ ಹೇಳಿದ್ರಾ?”

“ಇಲ್ಲ. ನೀವು ಹೇಳಿ, ಬರೆದುಕೊಳ್ಳುತ್ತೇನೆ.”

ಫೋನ್ ಇಟ್ಟುಬಿಟ್ಟರು. ಪಾಪ ಅನ್ನಿಸಿತೇ? ಅನ್ನಿಸಿತು, ಅರ್ಧ ನಿಮಿಷ. ಆಮೇಲೆ ‘ಹುಚ್ಚಿ’ ಎಂಬುದೂ, ಅದರ ಮುಂದಿನ ನಗುವೂ ನೆನಪಾಗಿ ಹೋಯಿತು. ವಯಸ್ಸಾದರೆ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಿಲ್ಲ.

ಲೈಬ್ರರಿ ಆ ಸರ್ಟಿಫಿಕೇಟನ್ನು ಒಪ್ಪಿಕೊಂಡಿತು. ಸಂಘ ನನಗೆ ಮತ್ತೆ ಟೇಪು ಕಳಿಸಲಿಲ್ಲ. ನನ್ನ ಸಹೋದ್ಯೋಗಿಗೂ ಕಾಗದ ಹೋಗಿ, ಅವಳು ಇಂದಿಗೂ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುವುದಿಲ್ಲ. ಪುಸ್ತಕದಲ್ಲಿ ಏನು ಬಂತು, ಏನು ಬಿಟ್ಟರು ಎಂಬುದೂ ಆಗ ತಿಳಿಯಲಿಲ್ಲ. ಮರುವರ್ಷ ವಿಮಾನಗಳು ಶುರುವಾದಾಗ, ಪುಸ್ತಕದ ಬಿಡುಗಡೆಗೆ ಬರಬೇಕೆಂದು ನೋರೀನ್‌ಳ ತಾಯಿಯೇ ಚೀಟಿ ಬರೆದರು. ಕೆಳಗಿನ ಮನೆಯಾಕೆ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಬಿಡಲು ಬಂದು, “ಆಂಟಿ, ಅಲ್ಲಿ ಯಾರಾದ್ರೂ ಬೈದ್ರೆ ಬರ್ಕೊಂಡು ಬರ್ರಿ, ನಾ ಗಾಳಿ ತೆಗೆದು ಕೊಡ್ತೀನಿ,” ಎಂದು ಕಳಿಸಿದರು.

ಯಾರೂ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು: ಹಾಲ್‌ನಲ್ಲಿ ನಾನು ಕೂತ ಸಾಲು ಪೂರ್ತಿ ಖಾಲಿ ಉಳಿಯಿತು. ಟೀ ಕೊಡುವವರು ನನ್ನನ್ನು ದಾಟಿ ಹೋದರು. ಕಾರ್ಯದರ್ಶಿ ಭಾಷಣದಲ್ಲಿ ಎಲ್ಲರಿಗೂ ವಂದನೆ ಹೇಳಿದರು, ಫೋಟೊಕಾಪಿ ಮಾಡಿದ ಅಂಗಡಿಗೂ. ಪುಸ್ತಕ ಕೈಗೆ ಬಂದಾಗ ನಾನು ನೇರ ಆ ಪುಟಕ್ಕೆ ಹೋದೆ. ಎಡಗಡೆ ರಿಬ್ಬನ್ ಕತ್ತರಿಸುವ ಫೋಟೊ, ಅಡಿಬರಹ ಬದಲಾಗಿಲ್ಲ. ಬಲಗಡೆ ಪೂರ್ತಿ ಒಂದು ಪುಟ: ಅರ್ಜಿಗಳು, ಲಾರಿ, ತಳ್ಳುಗಾಡಿಗಳು, ಐದೂವರೆ ದಿನ, ಬಟ್ಟೆ ಹಗ್ಗ. ನೋರೀನ್, ಆರು ವರ್ಷ. ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ. ಹೆದರಿ ಬಿಟ್ಟರೋ, ಶಟರ್ ಹಾಕಿದ ಕಿಟಕಿ ನೆನಪಾಗಿ ಬಿಟ್ಟರೋ, ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನೋರೀನ್‌ಳ ತಾಯಿ ಹಾಲ್‌ಗೆ ಬಂದಿರಲಿಲ್ಲ. ಪುಸ್ತಕದ ಒಂದು ಪ್ರತಿ ಹಿಡಿದು ಹೆದ್ದಾರಿಯ ಕಡೆ ನಡೆದೆ. ಮೂರು ಗಂಟೆಯಾಗಿತ್ತು. ದೂರದಿಂದಲೇ ಟಕ್ ಟಕ್ ಕೇಳಿಸಿತು, ವರ್ಷದಿಂದ ಕಿವಿಯಲ್ಲಿದ್ದದ್ದು. ಫೋಟೊದಲ್ಲೂ ನೋಡಿರದ ಹೆಂಗಸು, ಆದರೂ ಗೊತ್ತಾ‍ಯಿತು. ಮೋಟುಗೋಡೆಯ ಮನೆ, ಗೇಟಿನ ಹೊರಗೆ ಸಣಕಲು ಆಕೃತಿ, ನೀಲಿ ಕೋಟು, ಕೈಯಲ್ಲಿ ಕೋಲು. ದೂರದಲ್ಲೇ ನಿಂತೆ. ಆಕೆ ಕೋಲಿನ ತುದಿಯಿಂದ ಬಟನ್ ಒತ್ತಿದರು. ಲಾರಿಗಳು ನಿಂತವು. ಕಾರುಗಳು ನಿಂತವು. ಟಕಟಕ ಜೋರಾಯಿತು. ಆಕೆ ದಾಟಲಿಲ್ಲ. ಯಾರೋ ಹಾರ್ನ್ ಹೊಡೆದರು, ತಿರುಗಿ ನೋಡಲಿಲ್ಲ. ಎದುರಿನ ಫುಟ್‌ಪಾತಿನ ಮೇಲೆ ಕಣ್ಣಿಟ್ಟು, ಅಲ್ಲಿಂದ ನಿಧಾನವಾಗಿ ಕಣ್ಣನ್ನು ರಸ್ತೆಯ ಮೇಲೆ ತಂದು, ಇನ್ನೂ ಇತ್ತ ತಂದು, ಕೊನೆಗೆ ತನ್ನ ಕಾಲಬಳಿಯವರೆಗೆ ತಂದರು. ಒಂದು ಚಿಕ್ಕ ಮಗು ರಸ್ತೆ ದಾಟಲು ಹಿಡಿಯುವಷ್ಟು ಹೊತ್ತು. ಆಮೇಲೆ ಪಕ್ಕಕ್ಕೆ ಸರಿದು, ಯಾರಿಗೋ ಮೊದಲು ದಾರಿ ಬಿಡುವವರ ಹಾಗೆ ಗೇಟು ಹಿಡಿದು ನಿಂತು, ತಾವು ಹಿಂದಿನಿಂದ ಒಳಗೆ ಹೋದರು.